ಒಣ ಬಾಯಿಯ ಸಾಕ್ಷಿ

ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡಿದೆ ಎಂದು ಆಸ್ಪತ್ರೆಗೆ ಹೋದವನು ನಾನು. ಗುಗ್ಗೆಗೂ ರಕ್ತದೊತ್ತಡಕ್ಕೂ ಏನು ನಂಟೋ ಕಾಣೆ, ಆ ಆಸ್ಪತ್ರೆಯಲ್ಲಿ ಯಾವ ಕಾಯಿಲೆಗೆ ಹೋದರೂ ಮೊದಲು ತೋಳಿಗೆ ಪಟ್ಟಿ ಸುತ್ತುತ್ತಾರೆ. ದೇವಸ್ಥಾನಕ್ಕೆ ಹೋದವರು ಮೊದಲು ಕಾಲು ತೊಳೆಯುವ ಹಾಗೆ ಅದೊಂದು ಕ್ರಮ. ನರ್ಸಮ್ಮ ಗುಂಡಿ ಒತ್ತಿದರು. ಪಟ್ಟಿ ಬುಸ್ಸೆಂದು ಉಬ್ಬಿ, ಸಾಲ ಕೊಟ್ಟವನು ಸಂತೆಯಲ್ಲಿ ಎದುರಾಗಿ ತೋಳು ಹಿಡಿದ ಹಾಗೆ ಹಿಡಿದುಕೊಂಡಿತು. ಆಮೇಲೆ ಅಂಕಿ ಬಂತು: ಮೇಲೆ 158, ಕೆಳಗೆ 96. ನರ್ಸಮ್ಮ ಏನೂ ಅನ್ನಲಿಲ್ಲ, ಹುಬ್ಬು ಮಾತ್ರ ಮೇಲೆ ಹೋಯಿತು. ಆ ಹುಬ್ಬನ್ನು ಕಂಡ ಮೇಲೆ ನನ್ನ ಒತ್ತಡ ಇನ್ನೂ ಹತ್ತು ಏರಿರಬೇಕು. ಅದನ್ನು ಯಾರೂ ಅಳೆಯಲಿಲ್ಲ.

ಡಾಕ್ಟರು ಚೀಟಿ ನೋಡಿ, "ಏನ್ ಸಾರ್, ತುಂಬಾ ಟೆನ್ಷನ್ ಮಾಡ್ಕೋತೀರಾ?" ಎಂದರು.

"ಇಲ್ವಲ್ಲ" ಎಂದೆ. ಅನ್ನುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಈ 'ಟೆನ್ಷನ್ ಮಾಡಿಕೊಳ್ಳುವುದು' ಎಂಬ ಮಾತನ್ನೇ ನೋಡಿ. ಪದ ಇಂಗ್ಲಿಷಿನದಾದರೂ ಅದನ್ನು ಉಪ್ಪಿಟ್ಟು ಮಾಡಿಕೊಂಡಷ್ಟು ಸಲೀಸಾಗಿ ಮನೆಯಲ್ಲೇ ಮಾಡಿಕೊಳ್ಳುವ ವಿದ್ಯೆ ನಮ್ಮದು. ಪತ್ರಿಕೆಗಳು 'ಒತ್ತಡ' ಎಂದು ಬರೆಯುತ್ತವೆ, ಸರಿ. ಆದರೆ ನಾಲ್ಕು ಜನರ ನಡುವೆ ಎದ್ದು ನಿಂತು "ನನಗೆ ಬಹಳ ಒತ್ತಡವಾಗುತ್ತಿದೆ" ಎಂದು ಹೇಳಿ ನೋಡಿ, ಕಕ್ಕಸಿನ ದಾರಿ ತೋರಿಸುತ್ತಾರೆ.

ನಮ್ಮಜ್ಜಿಗೆ ಎರಡೂ ಪದ ಗೊತ್ತಿರಲಿಲ್ಲ. ಆಕೆ ಮನಸ್ಸಿನ ಹೆಸರನ್ನೇ ಎತ್ತುತ್ತಿರಲಿಲ್ಲ, ನೇರವಾಗಿ ಅಂಗಾಂಗಗಳ ವರದಿ ಒಪ್ಪಿಸುತ್ತಿದ್ದಳು. "ಎದೆ ಝಲ್ಲೆಂತು ಕಣೋ." "ಕೈಕಾಲೆಲ್ಲ ತಣ್ಣಗಾಗೋಯ್ತು." "ಹೊಟ್ಟೆ ಕಿವುಚಿದ ಹಾಗಾಯ್ತು." "ಮೈ ನವಿರೆದ್ದಿತು." "ಬಾಯಲ್ಲಿ ಪಸೆ ಇಲ್ಲ." ಇದನ್ನು ಯಾವುದಾದರೂ ವೈದ್ಯಕೀಯ ಪಠ್ಯದ ಪಕ್ಕದಲ್ಲಿಟ್ಟು ತಾಳೆ ನೋಡಿದರೆ ಒಂದಕ್ಷರ ತಪ್ಪಿಲ್ಲ. ಎದೆಬಡಿತ ಏರುತ್ತದೆ, ನಿಜ. ಚರ್ಮದ ರಕ್ತನಾಳಗಳು ಸಣ್ಣಗಾಗಿ ರಕ್ತ ಒಳಕ್ಕೆ ಸರಿಯುವುದರಿಂದ ಕೈಕಾಲು ತಣ್ಣಗಾಗುತ್ತವೆ. ಒಂದೊಂದು ರೋಮದ ಬುಡದಲ್ಲೂ ಒಂದು ಪುಟ್ಟ ಸ್ನಾಯು ಇದೆ. ಅದು ಬಿಗಿದುಕೊಂಡರೆ ರೋಮ ನೆಟ್ಟಗಾಗುತ್ತದೆ. ಬೆಕ್ಕಿಗೆ ಇದರಿಂದ ಲಾಭವಿದೆ, ಎರಡರಷ್ಟು ದಪ್ಪ ಕಾಣುತ್ತದೆ. ನಮಗೆ ಮುಂಗೈ ಮೇಲೆ ನಾಲ್ಕು ಕೂದಲು. ಅದನ್ನು ನಿಗುರಿಸಿಕೊಂಡು ಯಾರನ್ನು ಹೆದರಿಸೋಣ?

ಮೈಯ ಈ ಆಟವನ್ನೆಲ್ಲ ಒಟ್ಟಿಗೆ ನೋಡಬೇಕಾದರೆ ಆಗೆಲ್ಲ ತಂತಿಯವನ ಸೈಕಲ್ ಬೆಲ್ಲು ಕೇಳಿದರೆ ಸಾಕಿತ್ತು. ತಂತಿ ಬಂತೆಂದರೆ ಒಡೆದು ಓದುವುದಕ್ಕೆ ಮುಂಚೆಯೇ ಮನೆಯಲ್ಲಿ ಅಳು ಶುರುವಾಗುತ್ತಿದ್ದ ಕಾಲ. ನಮ್ಮ ಮನೆಗೆ ಒಮ್ಮೆ ಬಂದದ್ದು ಚಿಕ್ಕಪ್ಪನಿಗೆ ಕೆಲಸ ಸಿಕ್ಕಿದ ಸುದ್ದಿ. ಅದನ್ನು ಗಟ್ಟಿಯಾಗಿ ಓದಿ ಹೇಳಿ, ಎಲ್ಲರೂ ನಕ್ಕು, ಸಕ್ಕರೆ ಹಂಚಿದ ಮೇಲೂ ಅಜ್ಜಿಯ ಕೈ ನಡುಗುತ್ತಲೇ ಇತ್ತು. "ಒಳ್ಳೇ ಸುದ್ದಿ ಅಂತ ಗೊತ್ತಾಯ್ತಲ್ಲಜ್ಜೀ, ಇನ್ನೂ ಯಾಕೆ?" ಎಂದೆ.

"ನಂಗೆ ಗೊತ್ತಾಯ್ತು. ಕೈಗೆ ಗೊತ್ತಾಗ್ಬೇಡ್ವೇನೋ" ಎಂದಳು.

ಕೈಗೆ ತಡವಾಗಿ ಗೊತ್ತಾಗುವುದಕ್ಕೆ ಕಾರಣವಿದೆ. ಮೂತ್ರಪಿಂಡಗಳೆರಡರ ತಲೆಯ ಮೇಲೂ ಟೋಪಿ ಇಟ್ಟ ಹಾಗೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿದೆ. ತೂಕ ನಾಲ್ಕೈದು ಗ್ರಾಂ, ಒಂದು ಟೀ ಚಮಚ ಸಕ್ಕರೆಯಷ್ಟು. ಬೆನ್ನುಹುರಿಯಿಂದ ನರ ನೇರವಾಗಿ ಅದರ ಒಳತಿರುಳಿಗೆ ಬರುತ್ತದೆ. ಸುದ್ದಿ ಮುಟ್ಟಿದ ಕ್ಷಣಕ್ಕೆ ಗ್ರಂಥಿ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಪಿತ್ತಜನಕಾಂಗ ತಾನು ಕೂಡಿಟ್ಟ ಸಕ್ಕರೆಯನ್ನು ಹೊರಕ್ಕೆ ಹಾಕುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಶ್ವಾಸನಾಳ ಅಗಲವಾಗುತ್ತದೆ. ಇದು ತಂತಿ ವ್ಯವಹಾರ, ಚಿಟಿಕೆ ಹೊಡೆಯುವುದರಲ್ಲಿ ಮುಟ್ಟುತ್ತದೆ, ಆದರೆ ರಕ್ತಕ್ಕೆ ಬಿದ್ದ ರಸ ಇಳಿಯಲು ನಿಮಿಷಗಳು ಬೇಕು. ಇದರ ಹಿಂದೆಯೇ ಇನ್ನೊಂದು ಸುದ್ದಿ ಅಂಚೆಯಲ್ಲಿ ಹೊರಟಿರುತ್ತದೆ. ಮಿದುಳಿನ ಹೈಪೊಥಲಾಮಸ್ ಪಕ್ಕದ ಪಿಟ್ಯುಟರಿಗೆ ಹೇಳಿ, ಪಿಟ್ಯುಟರಿ ರಕ್ತದ ಮೂಲಕ ಅದೇ ಅಡ್ರಿನಲ್ ಗ್ರಂಥಿಯ ಹೊರಸಿಪ್ಪೆಗೆ ಹೇಳಿ, ಅದು ಕಾರ್ಟಿಸಾಲ್ ಬಿಡುಗಡೆ ಮಾಡುವ ಹೊತ್ತಿಗೆ ನಿಮಿಷಗಳೇ ಕಳೆದಿರುತ್ತವೆ. ಅಂದರೆ "ಏನಿಲ್ಲ, ಒಳ್ಳೇ ಸುದ್ದಿ" ಎಂದು ತಲೆಗೆ ತಿಳಿದಾಗ ಅಂಚೆಯಣ್ಣ ಇನ್ನೂ ದಾರಿಯಲ್ಲೇ ಇರುತ್ತಾನೆ. ಹೊರಟ ಕಾಗದವನ್ನು ವಾಪಸ್ ಕರೆಸಲಾಗದು.

ಅಜ್ಜಿಯ ಪಟ್ಟಿಯಲ್ಲಿ ಇನ್ನೂ ಒಂದು ಬಾಬ್ತಿತ್ತು, ಅದಕ್ಕೆ ಮಾತ್ರ ನನ್ನ ತಕರಾರಿತ್ತು: 'ಜಂಘಾಬಲವೇ ಉಡುಗಿಹೋಯಿತು' ಎಂಬುದು. ಶಾಸ್ತ್ರದ ಪ್ರಕಾರ ಆ ಹೊತ್ತಿನಲ್ಲಿ ತೊಡೆ, ಮೀನಖಂಡಗಳಿಗೆ ರಕ್ತ ಹೆಚ್ಚೇ ಹರಿಯಬೇಕು, ಓಡುವುದಕ್ಕಲ್ಲವೇ ಇಷ್ಟೆಲ್ಲ ಏರ್ಪಾಟು? ಆಮೇಲೆ ಹೊಳೆಯಿತು. ಹಳ್ಳಿರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗುವಾಗ ಕೋಳಿ ಅಡ್ಡ ಓಡುತ್ತದೆ, ಎಮ್ಮೆ ಅಲ್ಲೇ ನಿಂತುಬಿಡುತ್ತದೆ. ಹೆದರಿದ ಮೈಗೆ ಹೊಡೆದಾಟ, ಓಟ ಎರಡೇ ಅಲ್ಲ, ಕಲ್ಲಾಗಿ ನಿಲ್ಲುವ ಮೂರನೆಯ ದಾರಿಯೂ ಇದೆ. ಅಜ್ಜಿ ಎಮ್ಮೆಯ ಪಕ್ಷ, ನಾನೂ ಅದೇ. ಇನ್ನು ಕಾಲು ನಡುಗುವುದು ಶಕ್ತಿ ಸಾಲದೆ ಅಲ್ಲ, ಅಡ್ರಿನಲಿನ್ ಸ್ನಾಯುವನ್ನು ಹುರಿಗೊಳಿಸುವುದರಿಂದ.

ಹೊಟ್ಟೆಯ ವಿಚಾರ ಹೆಚ್ಚು ಎಳೆಯಬಾರದು, ಓದುವವರು ಊಟದ ಹೊತ್ತಿನಲ್ಲಿರಬಹುದು. ಇಷ್ಟು ಸಾಕು: ಮೇಲಿನ ಜಠರ ಕೆಲಸ ನಿಲ್ಲಿಸುತ್ತದೆ, ಕೆಳಗಿನ ದೊಡ್ಡ ಕರುಳು ಅವಸರಕ್ಕೆ ಬೀಳುತ್ತದೆ. ಪರೀಕ್ಷೆಯ ಬೆಳಗ್ಗೆ ಹಾಸ್ಟೆಲಿನಲ್ಲಿ ತಿಂಡಿಗೆ ಜನವಿಲ್ಲ, ಪಾಯಿಖಾನೆಗೆ ಮಾತ್ರ ಸಾಲು. ಹಾಸ್ಟೆಲಿನಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನಗೆ ಆಸಕ್ತಿಯಿರುವುದು ಬಾಯಿಯಲ್ಲಿ. ಪಸೆ ಆರಿದ ಬಾಯಿ.

ಈ ಒಣ ಬಾಯಿಯನ್ನು ನಮ್ಮ ಹಳೆಯ ನ್ಯಾಯಶಾಸ್ತ್ರ ಸಾಕ್ಷಿಕಟ್ಟೆಗೆ ಹತ್ತಿಸಿತ್ತು. ಸಾಕ್ಷಿ, ಪತ್ರ ಯಾವುದೂ ಇಲ್ಲದ ವ್ಯಾಜ್ಯದಲ್ಲಿ ದಿವ್ಯ ಮಾಡಿಸುತ್ತಿದ್ದರಲ್ಲ, ತಕ್ಕಡಿಯಲ್ಲಿ ಕೂರಿಸುವುದು, ಕಾದ ಕಬ್ಬಿಣ ಹಿಡಿಸುವುದು, ನೀರಿನಲ್ಲಿ ಮುಳುಗಿಸುವುದು, ಅವುಗಳ ಜೊತೆಗೆ ಸ್ಮೃತಿಕಾರರು ಹೇಳುವ ಇನ್ನೊಂದು 'ತಂಡುಲ ದಿವ್ಯ'. ತಂಡುಲ ಎಂದರೆ ಅಕ್ಕಿ. ಇದು ಕಳ್ಳತನದ ಆರೋಪಕ್ಕೆ ಮಾತ್ರ. ದೇವರ ಅಭಿಷೇಕದ ನೀರಿನಲ್ಲಿ ರಾತ್ರಿಯೆಲ್ಲ ಇಟ್ಟ ಅಕ್ಕಿಯನ್ನು ಆರೋಪಿ ಅಗಿದು ಅರಳಿ ಎಲೆಯ ಮೇಲೆ ಉಗುಳಬೇಕು. ಉಗುಳಿನಲ್ಲಿ ರಕ್ತ ಕಂಡರೆ, ಅಂಗುಳ ಸಿಗಿದರೆ, ಮೈ ನಡುಗಿದರೆ ಅವನೇ ಕಳ್ಳ. ದಿವ್ಯಗಳ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದವರಲ್ಲಿ ನಮ್ಮವನೇ ಒಬ್ಬನಿದ್ದಾನೆ: ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಕೂತು 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರ. ಅಣ್ಣತಮ್ಮಂದಿರ ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ವಕೀಲರು ಇವತ್ತಿಗೂ ಎತ್ತುವ ಮಿತಾಕ್ಷರಾ ಇದೇ. ಆ ಲೆಕ್ಕದಲ್ಲಿ ನಾಡಿನ ರಕ್ತದೊತ್ತಡಕ್ಕೆ ಆ ಗ್ರಂಥದ ಕಾಣಿಕೆ ಸಣ್ಣದೇನಲ್ಲ.

ತಂಡುಲ ದಿವ್ಯದ ಹಿಂದಿನ ಬುದ್ಧಿವಂತಿಕೆಯನ್ನು ಮೆಚ್ಚಲೇಬೇಕು. ಬಾಯಲ್ಲಿ ನೀರಿದ್ದರೆ ಅಕ್ಕಿ ಅಗಿಯುತ್ತಲೇ ಹಾಲಾಗುತ್ತದೆ. ಹೆದರಿದವನ ಜೊಲ್ಲಿನ ಗ್ರಂಥಿಗಳು ನೀರನ್ನು ನಿಲ್ಲಿಸಿ ಒಂದಿಷ್ಟು ಅಂಟನ್ನು ಮಾತ್ರ ಕೊಡುತ್ತವೆ. ಒಣ ಬಾಯಲ್ಲಿ ಗಟ್ಟಿ ಅಕ್ಕಿ ಅಗಿದರೆ ವಸಡು ತರಚದೆ ಇದ್ದೀತೆ? ಕಳ್ಳ ಹೆದರುತ್ತಾನೆ, ಹೆದರಿದವನ ಬಾಯಿ ಒಣಗುತ್ತದೆ. ಇಲ್ಲಿಯವರೆಗೆ ಸರಿ. ತಪ್ಪಿದ್ದೆಲ್ಲಿ ಎಂಬುದಕ್ಕೆ ನಾನೇ ಸಾಕ್ಷಿ.

ಐದನೇ ಕ್ಲಾಸಿನಲ್ಲಿ ಹುಡುಗನೊಬ್ಬನ ಕಂಪಾಸ್ ಬಾಕ್ಸ್ ಕಳುವಾಯಿತು. ಹಿತ್ತಾಳೆ ಬಣ್ಣದ, ಮುಚ್ಚಳ ಟಪ್ಪೆನ್ನುವ ಹೊಸ ಡಬ್ಬಿ. ಮೇಷ್ಟ್ರು ಬೆತ್ತ ಹಿಡಿದು, "ತಗೊಂಡೋನ ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದು ಒಂದೊಂದೇ ಬೆಂಚಿನ ಮುಂದೆ ನಿಲ್ಲುತ್ತ ಬಂದರು. ನಾನು ಮೂರನೆಯ ಬೆಂಚು. ಅವರು ಎರಡನೆಯ ಬೆಂಚಿನಲ್ಲಿದ್ದಾಗಲೇ ನನ್ನ ಕಿವಿ ಕಾದವು, ಅಂಗೈ ಬೆವರಿತು, ಬಾಯಿ ಒಣಗಿ ಹತ್ತಿಯಾಯಿತು. ಡಬ್ಬಿ ನಾನು ಮುಟ್ಟಿದ್ದರೆ ತಾನೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕುಂಬಳಕಾಯಿಯನ್ನು ಕಂಡೇ ಇರದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ ಎಂಬುದು ಗಾದೆ ಕಟ್ಟಿದವನಿಗೆ ತಿಳಿಯದೆ ಹೋಯಿತು. "ನಿಂದೇನೋ ಕೆಲ್ಸ?" ಎಂದರು ಮೇಷ್ಟ್ರು. ಇಲ್ಲ ಸಾರ್ ಎನ್ನಲು ನಾಲಿಗೆ ಏಳಲಿಲ್ಲ. ಎರಡು ಪೀರಿಯಡ್ ಬೆಂಚಿನ ಮೇಲೆ ನಿಂತೆ, ಅಂಗೈಗೆ ನಾಲ್ಕು ಬಿತ್ತು. ಮಾರನೆಯ ದಿನ ಆ ಹುಡುಗ ಡಬ್ಬಿಯನ್ನು ಅವನ ಮನೆಯಿಂದಲೇ ತಂದ, ಮಂಚದ ಕೆಳಗಿತ್ತಂತೆ. ಮೇಷ್ಟ್ರು ನನ್ನತ್ತ ನೋಡಿ, "ಹೋಗ್ಲಿ, ಇನ್ನೊಂದ್ ಸಲಕ್ಕೆ ಜಮಾ ಇರ್ಲಿ" ಎಂದರು.

ಅಗಿಯಲು ಅಕ್ಕಿ ಕೊಟ್ಟಿದ್ದರೂ ಅಂದು ನಾನೇ ಕಳ್ಳನಾಗುತ್ತಿದ್ದೆ. ಮೈ ಒಳ್ಳೆಯ ಕಾವಲುಗಾರ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಅದರಷ್ಟು ಕೆಟ್ಟ ಸಾಕ್ಷಿ ಇನ್ನೊಂದಿಲ್ಲ. ಭಯವಾಗಿದೆ ಎಂದಷ್ಟೇ ಅದು ಹೇಳಬಲ್ಲದು. ಯಾಕೆ ಭಯ ಎಂದು ಕೇಳಿದರೆ ಅದಕ್ಕೆ ಬಾಯಿಲ್ಲ, ಇದ್ದ ಬಾಯೂ ಒಣಗಿರುತ್ತದೆ.

ಈ ಅಕ್ಕಿಯ ದಿವ್ಯ ಅಮೆರಿಕದ ಶರೀರಶಾಸ್ತ್ರದ ಪುಸ್ತಕವೊಂದರಲ್ಲಿ ಎದುರಾದಾಗ ನನಗೆ ಪರವೂರಿನಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಬರೆದವರು ಹಾರ್ವರ್ಡಿನ ವಾಲ್ಟರ್ ಕ್ಯಾನನ್. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದಿದ್ದರಷ್ಟೆ; ವೈದ್ಯ ವಿದ್ಯಾರ್ಥಿಯಾಗಿದ್ದ ಕ್ಯಾನನ್ ಸ್ವಲ್ಪ ಕಾಲದಲ್ಲೇ ಬೆಕ್ಕಿಗೆ ಬಿಸ್ಮತ್ ಕಲಸಿದ ಅನ್ನಾಹಾರ ತಿನ್ನಿಸಿ, ಅದರ ಜಠರ ಅಲೆಅಲೆಯಾಗಿ ಕಡೆಯುವುದನ್ನು ಎಕ್ಸ್‌ರೇಯಲ್ಲಿ ನೋಡುತ್ತ ಕೂರುತ್ತಿದ್ದರು. ಬೆಕ್ಕು ಸಿಟ್ಟಾದಾಗ, ಕೊಸರಾಡಿದಾಗ ಅಲೆ ಥಟ್ಟನೆ ನಿಲ್ಲುತ್ತಿತ್ತು. ಸಮಾಧಾನ ಮಾಡಿದರೆ ಮತ್ತೆ ಶುರು. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಬೆಕ್ಕನ್ನು ಬೈದು ಎದ್ದು ಹೋಗುತ್ತಿದ್ದರು. ಇವರು ಕೆಟ್ಟದ್ದನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಕೆಲಸ ಮಾಡಿ, ನೋವು, ಹಸಿವು, ಭಯ, ಕೋಪಗಳಲ್ಲಿ ಮೈ ಏನೇನಾಗುತ್ತದೆ ಎಂದು 1915ರಲ್ಲಿ ಪುಸ್ತಕ ತಂದರು. ಇಂದು ಎಲ್ಲರ ಬಾಯಲ್ಲಿರುವ 'ಹೋರಾಡು ಇಲ್ಲವೇ ಓಡು' ಎಂಬ ವಿಚಾರ ಅವರದು. ಭಯದಿಂದ ಜೊಲ್ಲು ನಿಲ್ಲುತ್ತದೆ ಎಂಬುದಕ್ಕೆ ಅವರು ಕೊಟ್ಟ ಉದಾಹರಣೆಯೇ ಭಾರತದ ಅಕ್ಕಿ, ಅರಳಿ ಎಲೆ.

ಕ್ಯಾನನ್ ನೋಡಿದ್ದು ಬಂದು ಹೋಗುವ ಭಯವನ್ನು. ಬಂದದ್ದು ಹೋಗದೇ ಇದ್ದರೆ? ಅದನ್ನು ಕಂಡವರು ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ. ಗ್ರಂಥಿಯ ಸಾರವೊಂದನ್ನು ಇಲಿಗಳಿಗೆ ದಿನಾ ಚುಚ್ಚುತ್ತಿದ್ದರು. ಸೆಲ್ಯೆಗೆ ಇಲಿ ಹಿಡಿಯಲು ಬರುತ್ತಿರಲಿಲ್ಲ, ಕೈಜಾರಿ ಬೀಳುತ್ತಿದ್ದವು, ಪೊರಕೆ ಹಿಡಿದು ಅಟ್ಟಾಡಿಸುತ್ತಿದ್ದರು ಎಂದು ನರವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿ ಈ ಕತೆಯನ್ನು ಬಲು ರಸವತ್ತಾಗಿ ಹೇಳುತ್ತಾರೆ. ಕೊನೆಗೆ ನೋಡಿದರೆ ಇಲಿಗಳ ಅಡ್ರಿನಲ್ ಗ್ರಂಥಿ ಊದಿದೆ, ರೋಗ ತಡೆಯುವ ಅಂಗಗಳು ಮುದುಡಿವೆ, ಜಠರದಲ್ಲಿ ಹುಣ್ಣು. ಸಾರ ಚುಚ್ಚದೆ ಬರೀ ಉಪ್ಪುನೀರು ಚುಚ್ಚಿದ ಇಲಿಗಳಿಗೂ ಹಾಗೆಯೇ. ಔಷಧದ ಗುಣವಲ್ಲ, ಪೊರಕೆಯ ಗುಣ! 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ಬಗ್ಗೆ ಬಂದ ಸೆಲ್ಯೆಯವರ ಪುಟ್ಟ ಟಿಪ್ಪಣಿಯೇ ನಮ್ಮ ಇಂದಿನ 'ಸ್ಟ್ರೆಸ್' ಸಂಸಾರದ ಮೂಲಪುರುಷ.

ಆಮೇಲೆ ಎಲ್ಲ ಹುಣ್ಣಿಗೂ ಟೆನ್ಷನ್ನೇ ಕಾರಣ ಎಂದು ದೂರುವುದು ರೂಢಿಯಾಯಿತು. ಅದೂ ಅತಿಯೇ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ವೈದ್ಯರು, ಹುಣ್ಣಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಎಂದರೆ ಯಾರೂ ನಂಬದಿದ್ದಾಗ, 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ಬೆಳೆಸಿ ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ಜಠರ ಉರಿಯೂತ ಹತ್ತಿತು, 2005ರಲ್ಲಿ ಸಹಸಂಶೋಧಕ ರಾಬಿನ್ ವಾರನ್ ಜೊತೆಗೆ ನೊಬೆಲ್ ಬಂತು. ಕುಡಿಯುವಾಗ ಅವರ ಬಾಯಿ ಒಣಗಿತ್ತೋ ಇಲ್ಲವೋ, ಯಾರೂ ಬರೆದಿಟ್ಟಂತಿಲ್ಲ.

ಹಾಗೆಂದು ಬಿಡದೆ ಕಾಡುವ ಚಿಂತೆ ಮೈಗೆ ಏನೂ ಮಾಡುವುದಿಲ್ಲವೆಂದಲ್ಲ. 1998ರಲ್ಲಿ ಪ್ರಕಟವಾದ ಒಹಾಯೊದ ಒಂದು ಅಧ್ಯಯನ ನನಗೆ ಬಹಳ ಇಷ್ಟ, ಅದು ನಡೆದದ್ದೂ ಬಾಯಿಯಲ್ಲೇ. ಹನ್ನೊಂದು ದಂತವೈದ್ಯ ವಿದ್ಯಾರ್ಥಿಗಳ ಅಂಗುಳದಲ್ಲಿ ಬೇಸಿಗೆ ರಜೆಯಲ್ಲಿ ಮೂರೂವರೆ ಮಿಲಿಮೀಟರಿನ ಒಂದು ಗಾಯ ಮಾಡಿ, ಮಾಯಲು ಎಷ್ಟು ದಿನ ಬೇಕೆಂದು ನೋಡಿದರು. ಆಮೇಲೆ ಪರೀಕ್ಷೆಗೆ ಮೂರು ದಿನ ಮುಂಚೆ ಇನ್ನೊಂದು ಮಗ್ಗುಲಿಗೆ ಅಷ್ಟೇ ಗಾಯ. ಪರೀಕ್ಷೆಯ ಗಾಯ ಮಾಯಲು ಶೇಕಡ 40ರಷ್ಟು ಹೆಚ್ಚು ಸಮಯ ಹಿಡಿಯಿತು. ಕಾರ್ಟಿಸಾಲ್ ದೇಹದ ರಿಪೇರಿ ಕೆಲಸಗಳನ್ನೆಲ್ಲ ಮುಂದೂಡಿಸುತ್ತದೆ, ಚುನಾವಣೆ ಬಂದಾಗ ರಸ್ತೆ ಕಾಮಗಾರಿ ನಿಂತ ಹಾಗೆ. ಚುನಾವಣೆ ಮುಗಿದರೆ ಸರಿ. ಕೆಲವರ ಜೀವನದಲ್ಲಿ ನೀತಿಸಂಹಿತೆ ತೆರವಾಗುವುದೇ ಇಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ತಿರುಗಿಸಿ ನೋಡಿ, ಬೆಂಗಳೂರಿನಲ್ಲಿ ರಾತ್ರಿ ಎರಡು ಗಂಟೆಗೆ ದೀಪ ಉರಿಯುವ ಕಿಟಕಿಗಳೆಲ್ಲ ಲೆಕ್ಕಕ್ಕೆ ಸಿಗುತ್ತವೆ.

ಅಕ್ಕಿಯ ವಿಷಯಕ್ಕೆ ವಾಪಸ್ ಬರೋಣ. ಅಕ್ಕಿ ಹೋಯಿತು, ಅದರ ಜಾಗಕ್ಕೆ ಯಂತ್ರ ಬಂತು. ಹಾರ್ವರ್ಡಿನಲ್ಲೇ ವಿಲಿಯಂ ಮಾರ್ಸ್ಟನ್ ಎಂಬಾತ ಸುಳ್ಳು ಹೇಳುವವನ ರಕ್ತದೊತ್ತಡ ಏರುತ್ತದೆಂದು ಹೊರಟ. 1921ರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಲಾರ್ಸನ್ ಒತ್ತಡ, ನಾಡಿ, ಉಸಿರು ಎಲ್ಲವನ್ನೂ ಒಟ್ಟಿಗೆ ಗೀಚುವ ಯಂತ್ರ ಮಾಡಿದ. ಪಾಲಿಗ್ರಾಫ್ ಎಂದರೆ ಅದು. ಇದೇ ಮಾರ್ಸ್ಟನ್ ಮುಂದೆ ವಂಡರ್ ವುಮನ್ ಎಂಬ ಚಿತ್ರಕತೆಯ ನಾಯಕಿಯನ್ನು ಸೃಷ್ಟಿಸಿ ಅವಳ ಕೈಗೊಂದು ಹಗ್ಗ ಕೊಟ್ಟ. ಅದರಲ್ಲಿ ಕಟ್ಟಿದರೆ ಯಾರೂ ಸುಳ್ಳು ಹೇಳಲಾರರಂತೆ. ಯಂತ್ರಕ್ಕಿಂತ ಹಗ್ಗವೇ ವಾಸಿ, ಅದು ಕತೆ ಎಂದಾದರೂ ಎಲ್ಲರಿಗೂ ಗೊತ್ತು. ಪಾಲಿಗ್ರಾಫ್ ಅಳೆಯುವುದು ಅಂಗೈ ಬೆವರು, ಏದುಸಿರು, ಎದೆಬಡಿತ. ಮೂರನೆಯ ಬೆಂಚಿನಲ್ಲಿ ಕೂತಿದ್ದ ನನ್ನಲ್ಲಿ ಇವೆಲ್ಲ ಧಾರಾಳವಾಗಿದ್ದವು, ಡಬ್ಬಿ ಮಾತ್ರ ಇರಲಿಲ್ಲ.

ಕೊನೆಗೆ ಈ ವ್ಯವಹಾರ ನಮ್ಮ ಹೆಸರಿನಲ್ಲೇ ಸುಪ್ರೀಂ ಕೋರ್ಟಿಗೆ ಹೋಯಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣ. 2010ರ ಮೇ 5ರಂದು ತೀರ್ಪು ಬಂತು: ಮಂಪರು ಪರೀಕ್ಷೆಯಾಗಲಿ, ಪಾಲಿಗ್ರಾಫ್ ಆಗಲಿ, ಮಿದುಳಿನ ಅಲೆಗಳ ಪರೀಕ್ಷೆಯಾಗಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು. ಬಸವಕಲ್ಯಾಣದ ವಿಜ್ಞಾನೇಶ್ವರನಿಂದ ಈ ತೀರ್ಪಿನವರೆಗೆ ಒಂಬತ್ತು ಶತಮಾನ. ನನ್ನ ಪಾಲಿಗೆ ಮೂವತ್ತು ನಲವತ್ತು ವರ್ಷ ತಡವಾಗಿ ಬಂತು, ಅಂಗೈಗೆ ನಾಲ್ಕು ಆಗಲೇ ಬಿದ್ದಿದ್ದವು.

ಇಷ್ಟೆಲ್ಲ ತಿಳಿದವನು ಡಾಕ್ಟರ ಎದುರು ಸುಮ್ಮನಿರಲಾದೀತೇ? "ಇದು ನನ್ನ ಬಿಪಿ ಅಲ್ಲ ಡಾಕ್ಟ್ರೇ, ನಿಮ್ಮ ಬಿಳಿ ಕೋಟಿನ ಬಿಪಿ" ಎಂದೆ. ಅವರು ನಕ್ಕರು, ಆದರೆ ಮಾತು ತಳ್ಳಿಹಾಕಲಿಲ್ಲ. ಮಿಲಾನ್‌ನ ವೈದ್ಯರು 1983ರಲ್ಲಿ ಇದನ್ನೇ ಅಳೆದಿದ್ದರು. ರೋಗಿಗಳ ರಕ್ತನಾಳದೊಳಗೇ ಅಳತೆಯ ಏರ್ಪಾಟು ಮಾಡಿ, ಡಾಕ್ಟರು ಹಾಸಿಗೆಯ ಪಕ್ಕಕ್ಕೆ ಬಂದರೆ ಏನಾಗುತ್ತದೆ ಎಂದು ನೋಡಿದರು. ಮೊದಲ ಕೆಲವೇ ನಿಮಿಷಗಳಲ್ಲಿ ಮೇಲಿನ ಅಂಕಿ ಸರಾಸರಿ 27ರಷ್ಟು ಏರಿತು. ನರ್ಸುಗಳು ಬಂದರೆ ಏರಿಕೆ ಅಷ್ಟಿಲ್ಲ ಎಂದು ಮುಂದಿನ ಅಧ್ಯಯನ ಹೇಳಿತು. ಅವರು ನಮ್ಮ ನರ್ಸಮ್ಮನ ಹುಬ್ಬನ್ನು ಕಂಡಿರಲಿಲ್ಲ.

"ಮನೇಲಿ ನೋಡ್ಕೊಳಿ ಹಾಗಾದ್ರೆ. ಒಂದ್ ವಾರ ಬರ್ದಿಟ್ಕೊಂಡ್ ಬನ್ನಿ" ಎಂದರು. ಕ್ರಮವನ್ನೂ ಹೇಳಿಕೊಟ್ಟರು: ಬೆನ್ನು ಆನಿಸಿ ಐದು ನಿಮಿಷ ಸುಮ್ಮನೆ ಕೂರಬೇಕು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಕಾಫಿ ಕುಡಿದ ಕೂಡಲೇ ನೋಡಬಾರದು, ಅಳೆಯುವಾಗ ಮಾತಾಡಬಾರದು. ಬಿಳಿ ಕೋಟಿನ ಏರಿಕೆ ಎಂದು ಉಡಾಫೆ ಮಾಡಲೂ ಬಾರದು, ಅಂಥವರಿಗೆ ಮುಂದೆ ನಿಜವಾದ ಬಿಪಿಯೇ ಬರುವ ಸಂಭವ ಉಳಿದವರಿಗಿಂತ ಹೆಚ್ಚು.

ಯಂತ್ರ ತಂದೆ. ಹದಿನಾಲ್ಕು ಸಲ ನೋಡಿದೆ. ಮೊದಲ ದಿನ 140, ಯಂತ್ರದ ಭಯ. ಆಮೇಲೆ 126, 128, 124. ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡು, ಗೆದ್ದ ವ್ಯಾಜ್ಯದ ಕಾಗದದ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಡಾಕ್ಟರು ಪುಟ ತಿರುವಿ, "ಚೆನ್ನಾಗಿದೆಯಲ್ಲ! ಎಲ್ಲಿ, ಇಲ್ಲೊಂದ್ ಸಲ ನೋಡೋಣ" ಎಂದು ಪಟ್ಟಿ ಸುತ್ತಿದರು. 154. ಇಬ್ಬರೂ ನಕ್ಕೆವು. ಮಾತ್ರೆ ಬೇಡ, ಉಪ್ಪು ಕಡಿಮೆ ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದು ಬರೆದುಕೊಟ್ಟರು. ಬಸ್ಸು ಹತ್ತಿ ಕಂಡಕ್ಟರು ಎರಡು ಸಲ ಕೇಳಿದ ಮೇಲೂ ಟಿಕೆಟ್ಟಿನ ಮಾತು ಸರಿಯಾಗಿ ಕೇಳಿಸದಿದ್ದಾಗ ನೆನಪಾಯಿತು: ಎಡಗಿವಿಯ ಗುಗ್ಗೆ ಇನ್ನೂ ಅಲ್ಲೇ ಇದೆ.